ಗಂಟಲ ಮೇಲೆ ಎರಡು ಬೆರಳು

ತೊಟ್ಟಿ ಕೋಣೆಯಲ್ಲಿ ಬಟ್ಟೆ ಬೆಳ್ಳಗಾಗುತ್ತದೆ. ಅದನ್ನು ಬ್ಲೀಚಿನಲ್ಲಿ ಮುಳುಗಿಸಿ ತೆಗೆಯುವವರ ಕಣ್ಣು ಕೆಂಪಗಾಗುತ್ತದೆ. ಗೋಡೆಯ ಫ್ಯಾನು ಕೆಟ್ಟು ಕೂತಿದೆ. ಅದರ ಮೇಲೆ ಒಂದು ಹಕ್ಕಿ ಗೂಡು ಕಟ್ಟಿತ್ತು. ಬ್ಲೀಚಿನ ಗಾಳಿ ತಡೆಯಲಾರದೆ ಅದೂ ಹೋಯಿತು. ನಾವು ಹೋಗಲಿಲ್ಲ. ಹಕ್ಕಿಗೆ ಮನೆ ಬಾಡಿಗೆ ಇಲ್ಲವಲ್ಲ.

ನಮ್ಮಲ್ಲಿ ಗಂಟೆಯಕ್ಕ ಅಂತ ಒಬ್ಬಳು. ಅವಳು ಕೂಗಿದರೆ ಯಂತ್ರಗಳ ಸದ್ದು ದಾಟಿ ಆಚೆ ಕೋಣೆಗೂ ಕೇಳುತ್ತಿತ್ತು, ಅದಕ್ಕೇ ಆ ಹೆಸರು. ಈಗ ಅವಳ ಬಾಯಿಂದ ಬರುವುದು ಬರೀ ಉಸಿರು. ಕಂಪನಿ ಡಾಕ್ಟರು ಶೀತ ಅಂದರು. ಬೇಸಿಗೆ ಬಂತು, ಹೋಯಿತು. ಶೀತಕ್ಕೆ ಕಾಯಂ ನೌಕರಿ ಆಯಿತು. ಗಂಟೆಯಕ್ಕನದು ಇನ್ನೂ ದಿನಗೂಲಿ.

ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯಿಂದ ಒಬ್ಬ ಮೇಡಂ ತಪಾಸಣೆಗೆ ಬರುತ್ತಾರೆ ಅಂತ ಸುದ್ದಿ ಬಂತು. ಮ್ಯಾನೇಜರು ಫ್ಯಾನು ರಿಪೇರಿಯವನನ್ನು ಕರೆಸಲಿಲ್ಲ, ಇಂಗ್ಲಿಷ್ ಮೇಷ್ಟ್ರನ್ನು ಕರೆಸಿದರು. ಎಲ್ಲರೂ ಒಂದೇ ಮಾತು ಕಲಿಯಬೇಕು: "ವಿ ಆರ್ ಸೇಫ್, ದಿಸ್ ಈಸ್ ಅವರ್ ಹೋಮ್." ನಾವು ಸುರಕ್ಷಿತ, ಇದೇ ನಮ್ಮ ಮನೆ ಅಂತ.

"ಸೇಫ್ ಆದ್ಮೇಲೆ ಸ್ವಲ್ಪ ನಿಲ್ಲಿ," ಅಂದರು ಮೇಷ್ಟ್ರು. "ನಿಲ್ಲೋದೂ ಮಾತೇ. ನಿಂತ್ರೆ ಮನಸ್ಸಿಂದ ಹೇಳ್ತಿದ್ದೀರ ಅನ್ಸುತ್ತೆ."

"ಇಲ್ಲಿ ನಿಂತ್ರೆ ಕೂಲಿ ಹಿಡೀತಾರೆ ಮೇಷ್ಟ್ರೇ," ಅಂದಳು ನನ್ನ ನಾದಿನಿ. ಎಲ್ಲರೂ ನಕ್ಕೆವು. ನಕ್ಕು ಕೆಮ್ಮಿದೆವು.

"ಈಗ ಪಕ್ಕದವರ ಗಂಟಲ ಮೇಲೆ ಎರಡು ಬೆರಳಿಡಿ. ಸ್‌ಸ್ ಅಂದ್ರೆ ಗಂಟಲು ಸುಮ್ನಿರುತ್ತೆ. ಆದ್ರೆ ಈಸ್ ಅನ್ನೋದ್ರ ಕೊನೇಲಿ ಬರೋದು ಝ್‌ಝ್. ಆಗ ಒಳಗೆ ದುಂಬಿ ಕೂತ ಹಾಗೆ ಗುಂಯ್ ಅನ್ಬೇಕು."

ನನ್ನ ಬೆರಳು ಗಂಟೆಯಕ್ಕನ ಗಂಟಲ ಮೇಲಿತ್ತು. ಸ್‌ಸ್ ಅಂದಳು. ಝ್‌ಝ್ ಅಂದಳು. ದುಂಬಿ ಇಲ್ಲ.

"ಇನ್ನೊಂದ್ಸಲ ಅಕ್ಕ."

ಕಣ್ಣಲ್ಲಿ ನೀರು ಬರುವಷ್ಟು ತಿಣುಕಿದಳು. ಏನೂ ಇಲ್ಲ.

"ಇವಳಿಗೂ ಇಲ್ಲ ಕಣೇ," ಅಂತ ಹಿಂದಿನ ಸಾಲಿನಿಂದ ಒಬ್ಬಳು ಹೇಳಿದಳು. ಪಾಠ ಬಿಟ್ಟು ಒಬ್ಬರ ಗಂಟಲು ಒಬ್ಬರು ಮುಟ್ಟಿ ನೋಡಿದೆವು. ತೊಟ್ಟಿ ಕೋಣೆಯ ಹಳಬರದೆಲ್ಲ ಖಾಲಿ. ಡಾಕ್ಟರಿಗೆ ಸಿಗದ ರೋಗ ಇಂಗ್ಲಿಷ್ ಕ್ಲಾಸಿನಲ್ಲಿ ಸಿಕ್ಕಿತು.

ಮೇಷ್ಟ್ರು ಮ್ಯಾನೇಜರ ಹತ್ತಿರ ಹೋದರು. "ಸಾರ್, ಇದು ಉಚ್ಚಾರದ ತಪ್ಪಲ್ಲ..."

"ನಿಮ್ಮನ್ನ ಕರೆಸಿದ್ದು ಬಾಯಿಗೆ ಮೇಷ್ಟ್ರೇ, ಗಂಟಲಿಗಲ್ಲ. ದನಿ ಇಲ್ದೋರು ಹಿಂದೆ ನಿಂತು ತುಟಿ ಆಡಿಸ್ಲಿ. ಜಾಸ್ತಿ ಆಡಿಸಿದ್ರೆ ಗೇಟಿನಾಚೆ."

ಮೇಷ್ಟ್ರು, ತಾವೇ ಕಲಿಸಿದಂತೆ, ಸ್ವಲ್ಪ ನಿಂತರು. ಆಮೇಲೆ ತಲೆಯಾಡಿಸಿದರು.

ಗಂಟೆಯಕ್ಕ ನನ್ನ ಕಿವಿಗೆ ಬಾಯಿಟ್ಟಳು. "ಬರೋ ಆ ಮೇಡಂಗೆ ನಾನೇ ತೋರಿಸ್ತೀನಿ. ಮಾತು ಬೇಡ. ಕೈ ಹಿಡ್ಕೊಂಡು ಇಲ್ಲಿ ಇಟ್ಕೊಂಡ್ರೆ ಸಾಕು."

"ಕೆಲ್ಸ ಹೋಗುತ್ತೆ ಅಕ್ಕ."

"ಇನ್ನು ಉಳಿದಿರೋದು ಉಸಿರು. ಕೆಲ್ಸ ಇದ್ರೆ ಅದೂ ಹೋಗುತ್ತೆ."

ಮೇಡಂ ಬಂದರು. ಬಿಳಿ ಬಟ್ಟೆ, ಒಳ್ಳೆಯ ಮುಖ. ನಾವು ಹೇಳುವುದನ್ನು ಹೇಳಿದೆವು, ನಿಲ್ಲುವಲ್ಲಿ ನಿಂತೆವು. ಆ ನಿಂತ ಜಾಗದಲ್ಲೇ ಗಂಟೆಯಕ್ಕ ಮುಂದೆ ಬಂದು ಮೇಡಂ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಂಡಳು. ಝ್‌ಝ್ ಅಂತ ತಿಣುಕಿದಳು. ಉಸಿರು ಬಂತು.

ಮೇಡಂ ಮ್ಯಾನೇಜರ ಕಡೆ ನೋಡಿ ಏನೋ ಕೇಳಿದರು.

"ಟ್ರೆಡಿಷನ್, ಮೇಡಂ," ಅಂದರು ಮ್ಯಾನೇಜರು. ನಮ್ಮ ಕಡೆಯ ನಮಸ್ಕಾರ ಅಂತೆ.

ಮೇಡಂ ಮುಖ ಅರಳಿತು. ಗಂಟೆಯಕ್ಕನ ಕೈ ಹಿಡಿದು ತಮ್ಮ ಗಂಟಲ ಮೇಲೂ ಇಟ್ಟುಕೊಂಡು ಏನೋ ಒಳ್ಳೆಯ ಮಾತು ಹೇಳಿದರು. ಆ ಗಂಟಲು ಹೇಗೆ ಗುಂಯ್ ಅಂದಿತು ಅಂತ ಗಂಟೆಯಕ್ಕ ಆಮೇಲೆ ನನಗೆ ಹೇಳಿದಳು. ಫೋಟೋ ತೆಗೆದರು. ಹಿಂದಿದ್ದ ಇನ್ನೊಬ್ಬಳೂ ಧೈರ್ಯ ಮಾಡಿ ಮೇಡಂ ಕೈ ಹಿಡಿದಳು. ಮತ್ತೊಬ್ಬಳು. ಅವಳ ಆಚೆಯವಳ ಹತ್ತಿರ ಬರುವಷ್ಟರಲ್ಲಿ ಮೇಡಂ ತಾವೇ ನಗುತ್ತ ಕೈ ಚಾಚಿದರು.

ಆರ್ಡರು ಸಿಕ್ಕಿತು. ಫೋಟೋ ದೊಡ್ಡದಾಗಿ ಗೇಟಿನ ಪಕ್ಕ ಏರಿತು. ಕೆಳಗೆ "ನಮ್ಮ ಕುಟುಂಬ" ಅಂತ ಬರೆಸಿದರು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಹೊಸ ವಾಚ್‌ಮನ್ ಇದ್ದ. ಗಂಟೆಯಕ್ಕನ ಮುಖ ನೋಡಿದ, ಫೋಟೋ ನೋಡಿದ, ಮತ್ತೆ ಮುಖ ನೋಡಿದ.

"ಇದ್ರಲ್ಲಿರೋದು ನೀವೇ ಅಲ್ವಾ ಅಕ್ಕ?"

ಅವಳು ಹೌದು ಅಂತ ತಲೆಯಾಡಿಸಿದಳು.

"ಈ ಮುಖ ನೋಡ್ಕೊಂಡಿರು, ಒಳಗೆ ಬಿಡ್ಬೇಡ ಅಂದಿದಾರೆ," ಅಂದ ಅವನು. "ಬೇಜಾರ್ ಮಾಡ್ಕೋಬೇಡಿ."