ಪಗ್ಮಾಳ ಕೈರುಚಿ

"ಸಿಳ್ಳೆ ಹಾಕ್ತೇನೋ ಅದು?" ಪಗ್ಮಾ ಎರಡನೆಯ ಸಲ ಕೇಳಿದಳು. ಕೈಯಲ್ಲಿದ್ದ ಕತ್ತಿ ಹಾಗೇ ನಿಂತಿತ್ತು.

"ಹಾಕ್ತಮ್ಮ, ಕಿವಿ ಕಿತ್ತುಹೋಗೋ ಹಾಗೆ. ಆಮೇಲೆ ನಂದು ಒಂದೇ ಗುಂಡು." ಮಗ ದಾವ್ಗಾ ಡೇರೆಯ ಕಂಬಕ್ಕೆ ಒರಗಿ ಹಲ್ಲು ಕಿರಿದ.

ಮನುಷ್ಯರನ್ನು ಕಂಡೂ ಸಿಳ್ಳೆ ಹಾಕದ, ಬಿಲಕ್ಕೆ ಓಡದ ತರ್ವಗವನ್ನು, ಬೆಟ್ಟದ ಆ ದಪ್ಪ ನೆಲದ ಅಳಿಲನ್ನು, ಮುಟ್ಟಬಾರದೆಂದು ಆ ಬೆಟ್ಟದ ಕಡೆ ಮಕ್ಕಳಿಗೂ ಗೊತ್ತು. ಅದಕ್ಕೆ ಪ್ಲೇಗು ಹಿಡಿದಿರುತ್ತದೆ. ಪಗ್ಮಾ ಮಗನ ಮುಖವನ್ನೊಮ್ಮೆ ನೋಡಿ ಮಾಂಸ ಕೊಚ್ಚತೊಡಗಿದಳು. ಕಂಕುಳ ಕೆಳಗಿನ ಒಂದು ತುಣುಕನ್ನು ಮಾತ್ರ ಬೇರೆ ತೆಗೆದು ಕಲ್ಲಿನ ಮೇಲಿಟ್ಟಳು. ತರ್ವಗ ಹಿಂದೊಮ್ಮೆ ಬಿಲ್ಲುಗಾರನಾಗಿತ್ತಂತೆ. ಅದರ ಮೈಯಲ್ಲಿ ಅಷ್ಟು ಮಾಂಸ ಇನ್ನೂ ಮನುಷ್ಯನದೇ. ಅದನ್ನು ತಿನ್ನುವಂತಿಲ್ಲ.

ಮೂಲೆಯಲ್ಲಿ ಹಿರಿಯ ಮಗನ ಹೆಂಡತಿ ಓಯೂನ್ ಹಿಟ್ಟು ಲಟ್ಟಿಸುತ್ತಿದ್ದಳು. ಹಾಲೂಡಿಸುವವಳು ಬೇಟೆಯ ಮಾಂಸ ಮುಟ್ಟಬಾರದೆಂದು ಅತ್ತೆ ಅವಳಿಗೆ ಹಿಟ್ಟಿನ ಕೆಲಸವನ್ನಷ್ಟೇ ಬಿಟ್ಟಿದ್ದಳು. ಹಲ್ಲು ಬರುತ್ತಿದ್ದ ಮಗು ಒಲೆಯ ಹತ್ತಿರ ಹೋಗದಂತೆ ಅದರ ಸೊಂಟಕ್ಕೆ ಬಟ್ಟೆಯ ಪಟ್ಟಿ ಬಿಗಿದು, ಇನ್ನೊಂದು ತುದಿಯನ್ನು ಪೆಟ್ಟಿಗೆಯ ಹಿಡಿಗೆ ಕಟ್ಟಲಾಗಿತ್ತು.

ಕುದುರೆ ಓಟದ ನಾದಂ ಹಬ್ಬದ ಬಯಲಿನಲ್ಲಿ ಹೂಶೂರ್ ಮಾಡದ ಡೇರೆಯಿಲ್ಲ. ಕುರಿಮಾಂಸ, ಈರುಳ್ಳಿ, ಉಪ್ಪು. ಹಿಟ್ಟಿನ ಹಾಳೆಯಲ್ಲಿ ಮಡಚಿ, ಅಂಚು ಒತ್ತಿ, ಕೊಬ್ಬಿನಲ್ಲಿ ಕರಿದರೆ ಆಯಿತು. ಪಗ್ಮಾ ಮಾತ್ರ ತವರಿನ ರೀತಿಯಲ್ಲಿ ಅದಕ್ಕೆ ತರ್ವಗದ ಮಾಂಸವನ್ನೂ ಬೆಟ್ಟದ ಕಾಡು ಈರುಳ್ಳಿಯನ್ನೂ ಬೆರೆಸುತ್ತಿದ್ದಳು. ಆ ವಾಸನೆಗೆ ಸವಾರರು ಉಳಿದ ಡೇರೆಗಳನ್ನು ದಾಟಿ ಇಲ್ಲಿಗೇ ಬರುತ್ತಿದ್ದರು. ಬೇಟೆ ನಿಷೇಧವಾದ ಮೇಲೆ ಬರೀ ಕುರಿ. ಹೋದ ವರ್ಷ ಒಬ್ಬ ಮುದುಕ ಒಂದು ತುತ್ತು ಕಚ್ಚಿ, "ನಿನ್ನ ಕೈ ಸತ್ತುಹೋಯ್ತಲ್ಲೇ ಪಗ್ಮಾ" ಎಂದು ನಕ್ಕಿದ್ದ. ಚಳಿಗಾಲವಿಡೀ ಅವಳು ಆ ಮಾತನ್ನೇ ಮೆಲುಕು ಹಾಕಿದ್ದಳು.

ಒಲೆಗೆ ಒಣ ಸಗಣಿ ತರಲು ಓಯೂನ್ ಡೇರೆಯ ಹಿಂದೆ ಹೋದಳು. ಹೂತು ಬಾ ಎಂದು ಅತ್ತೆ ಕೊಟ್ಟಿದ್ದ ಚರ್ಮವನ್ನೂ ತಲೆಯನ್ನೂ ದಾವ್ಗಾ ಹುಲ್ಲಿನ ಮೇಲೆಯೇ ಎಸೆದಿದ್ದ. ನಾಯಿಯೊಂದು ಮೂಸುತ್ತಿತ್ತು. ಅವಳು ಅದನ್ನು ಓಡಿಸಿ, ಸಗಣಿ ಎತ್ತುವ ಕವೆಗೋಲಿನಿಂದ ಚರ್ಮವನ್ನು ಮೇಲೆತ್ತಿದಳು. ಬಿಸಿಲು ಅದರ ಹಿಂದೆ ಬಂತು. ಕೊಯ್ದ ಗೆರೆಯೊಂದನ್ನು ಬಿಟ್ಟರೆ ಎಲ್ಲೂ ತೂತಿಲ್ಲ. ಕವೆಗೋಲಿನಲ್ಲೇ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದಳು. ಮೂಗಿನ ಬಳಿ ಒಣಗಿದ ರಕ್ತವಿತ್ತು, ಗಾಯವಿರಲಿಲ್ಲ.

ಒಳಗೆ ಬಂದು ನಿಂತಳು.

"ಏನೇ?" ಎಂದಳು ಪಗ್ಮಾ.

"ಏನಿಲ್ಲ ಅತ್ತೆ."

"ಅತ್ತಿಗೆ ಹತ್ರ ಮಾತು ಕೇಳ್ಬೇಕು ಅಂದ್ರೆ ಅರ್ಜಿ ಹಾಕ್ಬೇಕಮ್ಮ" ಎಂದ ದಾವ್ಗಾ.

ಓಯೂನ್ ಲಟ್ಟಣಿಗೆ ಹಿಡಿದಳು. ಹಾಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಯಿತು. ತೂತು ತನಗೇ ಕಾಣದೆ ಹೋಯಿತೋ ಏನೋ. ಬೇಟೆಯ ವಿಷಯ ತನಗೇನು ಗೊತ್ತು. ಗಂಡ ಮೇಲಿನ ಹುಲ್ಲುಗಾವಲಿನಲ್ಲಿದ್ದಾನೆ. ಅವನ ತಮ್ಮನನ್ನು ಸುಳ್ಳ ಎನ್ನಲು ತಾನು ಯಾರು. ಅತ್ತೆಯ ಹೆಬ್ಬೆರಳಿಗೆ ಚರ್ಮ ಸುಲಿಯುವಾಗ ಕತ್ತಿ ತಾಗಿತ್ತು, ಅದಕ್ಕೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು. ಅದಾದ ಮೇಲೆ ಅತ್ತೆ ಮಗುವನ್ನು ಎತ್ತಿಕೊಂಡಿದ್ದಳೇ? ಎಲ್ಲವನ್ನೂ ನೋಡುತ್ತಲೇ ಇರುವ ಅವಳಿಗೆ ಅದೊಂದು ನೆನಪಾಗಲಿಲ್ಲ.

ಕುದುರೆ ಓಟ ಮುಗಿದಿತ್ತು. ಧೂಳು ಮೆತ್ತಿದ ಸವಾರರು ಬಾಗಿಲಲ್ಲಿ ಸೇರಿದರು. ಅವರಲ್ಲಿ ಹೋದ ವರ್ಷದ ಆ ಮುದುಕನೂ ಇದ್ದ. ಮೂಗರಳಿಸಿ ಕೂತ. ಪಗ್ಮಾಳ ಮುಖ ಅರಳಿತು. ಕಡಾಯಿಯ ಕೊಬ್ಬು ಹೊಗೆಯಾಡತೊಡಗಿತ್ತು. ಮಗು ಅತ್ತಿತು. ಎಲ್ಲ ಮೊಮ್ಮಕ್ಕಳಿಗೂ ಮಾಡಿದಂತೆ ಪಗ್ಮಾ ಬೋಗುಣಿಯಿಂದ ಕೊಬ್ಬಿನ ತುಂಡೊಂದನ್ನು ಆರಿಸಿ, "ಚೀಪ್ಲಿ, ಒಸಡು ತಣ್ಣಗಾಗುತ್ತೆ" ಎನ್ನುತ್ತ ಬಗ್ಗಿದಳು.

ಓಯೂನ್ ಲಟ್ಟಣಿಗೆಯಿಂದ ಆ ಕೈಗೆ ಹೊಡೆದಳು. ಕೊಬ್ಬು ನೆಲಕ್ಕೆ ಬಿತ್ತು. ಬಾಗಿಲಲ್ಲಿದ್ದವರು ಇತ್ತ ತಿರುಗಿದರು. ಸೊಸೆ ಅತ್ತೆಯ ಮೇಲೆ ಕೈಯೆತ್ತಿದ್ದನ್ನು ಆ ಬಯಲಿನಲ್ಲಿ ಯಾರೂ ಕಂಡಿರಲಿಲ್ಲ.

"ಚರ್ಮದಲ್ಲಿ ಗುಂಡಿನ ತೂತಿಲ್ಲ ಅತ್ತೆ" ಎಂದಳು. ಸ್ವರ ಬೇರೆ ಯಾರದೋ ಅನ್ನಿಸಿತು. "ತಲೇಲೂ ಇಲ್ಲ."

ಪಗ್ಮಾ ಮಗನ ಕಡೆ ತಿರುಗಿದಳು. ಅವನು ಕಂಬವನ್ನು ಉಗುರಿನಿಂದ ಕೆರೆಯುತ್ತಿದ್ದ.

"ಬಿಲದ ಬಾಯಲ್ಲೇ ಸತ್ತು ಮಲ್ಗಿತ್ತು" ಎಂದ ಕೊನೆಗೆ. "ಇನ್ನೂ ಬೆಚ್ಚಗಿತ್ತಮ್ಮ. ನೀನು ಅಷ್ಟು ಆಸೆ ಪಟ್ಟಿದ್ದೆ."

ಪಗ್ಮಾ ಬೋಗುಣಿಗೆ ಮುಚ್ಚಳ ಮುಚ್ಚಿ, ಕಡಾಯಿಯನ್ನು ಒಲೆಯಿಂದ ಇಳಿಸಿದಳು. ಇವತ್ತು ಹೂಶೂರ್ ಇಲ್ಲ, ಹತ್ತಿರ ಬರಬೇಡಿ ಎಂದು ಸವಾರರಿಗೆ ಹೇಳಿದಳು. ಮುದುಕ ಅವಳ ಮುಖ ನೋಡಿ ಎದ್ದುಹೋದ.

"ಹಬ್ಬಕ್ಕೆ ಬಂದಿರೋ ಡಾಕ್ಟರ ಹತ್ರ ಹೋಗು" ಎಂದಳು ಮಗನಿಗೆ. "ದೂರ ನಿಂತ್ಕೊಂಡು ಕೂಗಿ ಹೇಳು. ನಿಷೇಧದ ಪ್ರಾಣಿ ಅಂತಾನೂ ಹೇಳು. ದಾರೀಲಿ ಯಾರನ್ನೂ ಮುಟ್ಬೇಡ."

ಅವನು ಹೋದ ಮೇಲೆ ಅವಳು ಹೊರಗೆ ನಡೆದು, ಬಯಲಿನಲ್ಲಿ ನಿಂತಿದ್ದ ಹಳೆಯ ಗಾಡಿಯ ನೆರಳಿನಲ್ಲಿ ಒಬ್ಬಳೇ ಕೂತಳು. ಬೆರಳಿನ ಬಟ್ಟೆ ಬಿಚ್ಚಿ ನೋಡಿ ಮತ್ತೆ ಸುತ್ತಿಕೊಂಡಳು.

ಓಯೂನ್ ಕೈಗಳನ್ನು ಉಜ್ಜಿ ಉಜ್ಜಿ ತೊಳೆದು, ಹಾಲು ಹಾಕಿ ಉಪ್ಪಿನ ಚಹಾ ಕಾಯಿಸಿದಳು. ಬಟ್ಟಲನ್ನು ಡೇರೆಗೂ ಗಾಡಿಗೂ ನಡುವೆ ಹುಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಅವಳು ಬಾಗಿಲು ಸೇರುವವರೆಗೆ ಕಾದು ಪಗ್ಮಾ ಎದ್ದು ಬಂದು ಬಟ್ಟಲು ಎತ್ತಿಕೊಂಡಳು.

"ಹಿಟ್ಟು ಒಣಗುತ್ತೆ, ಒದ್ದೆ ಬಟ್ಟೆ ಮುಚ್ಚು" ಎಂದಳು ಅಲ್ಲಿಂದಲೇ.

ಅಜ್ಜಿಯ ಸ್ವರ ಕೇಳಿ ಮಗು ಅಂಬೆಗಾಲಿಟ್ಟು ಹೊರಟಿತು. ಸೊಂಟದ ಪಟ್ಟಿ ಬಿಗಿಯಾಗುವಷ್ಟು ದೂರ ಹೋಗಿ ನಿಂತು, ಒಂದು ಕೈ ಚಾಚಿತು. ಪಗ್ಮಾ ಬಟ್ಟಲನ್ನು ಕೆಳಗಿಟ್ಟು, ತನ್ನೆರಡೂ ಕೈಗಳನ್ನು ನಿಲುವಂಗಿಯ ತೋಳಿನೊಳಕ್ಕೆ ಎಳೆದುಕೊಂಡಳು.