ಹನ್ನೊಂದು ದಿನದ ಶಾಂತಿ

ಭಾವನನ್ನು ಮೊದಲ ಸಲ ಗಡಿ ದಾಟಿಸಿ ಆಚೆಯ ಮನೆಗೆ ಕರೆದುಕೊಂಡು ಹೋದವನು ನಾನೇ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳಿದರೆ ನೆಪ ಹುಡುಕಿದಂತಾಗುತ್ತದೆ.

ನಾನು ಕಾಗದದ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಇಂಜಿನಿಯರ್. ಭಾವ, ಅಂದರೆ ನನ್ನ ಅಕ್ಕನ ಗಂಡ, ಅಲ್ಲೇ ಕ್ರೇನ್ ನಡೆಸುತ್ತಾನೆ. ಎರಡು ಟನ್ ತೂಕದ ಕಾಗದದ ಸುರುಳಿಯನ್ನು ಮೊಟ್ಟೆಯನ್ನು ಕೆಳಗಿಡುವಷ್ಟು ಮೆತ್ತಗೆ ನೆಲಕ್ಕೆ ಇಳಿಸುವ ಕೈ ಅವನದು. ಅದೇ ಕೈ ಮನೆಯಲ್ಲಿ ಅಕ್ಕನ ಮೇಲೂ ಇಳಿಯುತ್ತಿತ್ತು.

ದಿನವೂ ರಾತ್ರಿ ನನ್ನ ಊಟ ಅವರ ಮನೆಯಲ್ಲೇ. ಅಕ್ಕ ಬಾಯಿಬಿಟ್ಟವಳಲ್ಲ. ಕೇಳಿದರೆ "ಬಚ್ಚಲಲ್ಲಿ ಜಾರಿದೆ ಕಣೋ" ಅನ್ನುತ್ತಿದ್ದಳು.

"ಆ ಬಚ್ಚಲಿಗೆ ನಿನ್ನ ಮೇಲೆ ಅಷ್ಟೇನು ಸಿಟ್ಟು?" ಎಂದು ಒಮ್ಮೆ ಕೇಳಿದ್ದೆ. ನಕ್ಕಳು. ನಗುವಾಗ ತುಟಿಯ ಗಾಯ ಬಿರಿದು ರಕ್ತ ಬಂತು. ಒರೆಸಿಕೊಂಡು, ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಐದು ವರ್ಷಗಳ ಹಿಂದೆ ವಿಭಾಗದವರೆಲ್ಲ ಸೇರಿ ನದಿಯಾಚೆ ಹೊರಟಾಗ, ಸೀಟು ಖಾಲಿ ಇತ್ತೆಂದು ಭಾವನನ್ನೂ ಕರೆದೆ. ನಮ್ಮ ಕಡೆ ಮೈ ಮಾರುವ ವ್ಯಾಪಾರಕ್ಕೆ ಅನುಮತಿ ಇಲ್ಲ. ಸೇತುವೆ ದಾಟಿದರೆ ಲೈಸೆನ್ಸು ಕೊಟ್ಟಿದ್ದಾರೆ. ಬೆಳಗಿನ ಶಿಫ್ಟು ಮುಗಿಯುತ್ತಿದ್ದಂತೆ ಸೇತುವೆಯ ಮೇಲೆ ಕಾರುಗಳ ಸಾಲು, ಕಾರುಗಳ ತುಂಬ ಆಗಷ್ಟೇ ಗಡ್ಡ ಬೋಳಿಸಿಕೊಂಡ ಗಂಡಸರು. ರಾತ್ರಿ ಹತ್ತಕ್ಕೆ ಗೇಟು ಮುಚ್ಚುವುದರೊಳಗೆ ಎಲ್ಲರೂ ಒಳ್ಳೆಯ ಗಂಡಂದಿರಾಗಿ ವಾಪಸು. ನಾನೇನು ಸಾಧುವಲ್ಲ. ಮದುವೆಯಾಗದವನು, ಮೊದಲ ವರ್ಷ ನಾನೂ ಮೆಟ್ಟಿಲು ಹತ್ತಿದ್ದೇನೆ.

ಆ ಸಲ ವಾಪಸಾದ ಮೇಲೆ ಹನ್ನೊಂದು ದಿನ ಅಕ್ಕನ ಮೈಮೇಲೆ ಹೊಸ ಗುರುತು ಕಾಣಲಿಲ್ಲ. ಎರಡನೆಯ ಸಲ ಹನ್ನೆರಡು ದಿನ. ಮೂರನೆಯ ಸಲ ಹತ್ತು. ಗೇಜಿನ ಅಂಕಿ ಬರೆದಿಡುವುದು ನನ್ನ ಉದ್ಯೋಗ, ಇದನ್ನೂ ಒಂದು ಪುಸ್ತಕದಲ್ಲಿ ಬರೆಯತೊಡಗಿದೆ. ಒಂದು ಕಡೆ ಗಡಿ ದಾಟಿದ ತಾರೀಖು, ಇನ್ನೊಂದು ಕಡೆ ಅಕ್ಕ 'ಜಾರಿದ' ತಾರೀಖು. ಎರಡು ವರ್ಷದ ಸರಾಸರಿ ತೆಗೆದಾಗ ಹನ್ನೊಂದು ದಿನ ಬಂತು. ನಮ್ಮಲ್ಲಿ ಒಂಬತ್ತು ದಿನ ಕೆಲಸ, ಹತ್ತನೆಯ ದಿನ ರಜೆ. ಶಿಫ್ಟು ಪಟ್ಟಿ ಬರೆಯುವವನಿಗೆ ಹೇಳಿ ನನ್ನ ರಜೆಯನ್ನೂ ಭಾವನ ರಜೆಯನ್ನೂ ಒಂದೇ ದಿನಕ್ಕೆ ಹಾಕಿಸಿಕೊಂಡೆ. ಒತ್ತಡ ಮಿತಿ ಮೀರುವ ಮೊದಲೇ ಹಬೆ ಬಿಟ್ಟರೆ ಬಾಯ್ಲರ್ ಸಿಡಿಯುವುದಿಲ್ಲ. ಇಷ್ಟು ಸರಳವಾದ ಪರಿಹಾರ ಬೇರೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಆ ಮನೆಯ ಒಡತಿಗೂ ನಾನೇ ಹೇಳಿದ್ದೆ: "ನಮ್ಮವರು ಸ್ವಲ್ಪ ಒರಟು. ಗಟ್ಟಿಯಾದವರನ್ನ ಕೊಡಿ."

ಅವಳು ಕೊಟ್ಟದ್ದು ನರ್ಸಮ್ಮನನ್ನು. ನಲವತ್ತರ ಹತ್ತಿರದ ಹೆಂಗಸು, ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸ ಮಾಡಿದ್ದಳಂತೆ. ಅಗಲ ಭುಜ, ಜೋರು ದನಿ. ಭಾವನನ್ನು ಕಂಡಾಗಲೆಲ್ಲ "ಬಂದ್ರಾ ಪೈಲ್ವಾನ್ರು, ಉಗುರು ಕತ್ತರಿಸ್ಕೊಂಡು ಬಂದಿದೀರಾ ತೋರ್ಸಿ" ಎಂದು ಎಲ್ಲರೆದುರು ಕೈ ಹಿಡಿದು ನೋಡುತ್ತಿದ್ದಳು. ಭಾವನೂ ಶಾಲೆಯ ಹುಡುಗನಂತೆ ಕೈ ಚಾಚುತ್ತಿದ್ದ. ಇತ್ತೀಚೆಗೆ ಒಂದೆರಡು ಸಲ ಅವಳು ಕುತ್ತಿಗೆಗೆ ದಪ್ಪ ಬಟ್ಟೆ ಸುತ್ತಿಕೊಂಡಿದ್ದಳು. ನೆಗಡಿಯಿರಬೇಕು ಅಂದುಕೊಂಡೆ.

ಕಳೆದ ರಜೆಯ ದಿನ ನಾನು ಕೆಳಗಿನ ಕೋಣೆಯಲ್ಲಿ ಬಿಯರ್ ಹಿಡಿದು ಕೂತಿದ್ದೆ. ಏಳು ಗಂಟೆ ಇರಬೇಕು, ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಮೇಲೆ ಏನೋ ಭಾರವಾದದ್ದು ಬಿತ್ತು. ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಬಾಗಿಲಲ್ಲಿ ನಿಲ್ಲುವ ಆಳು ಮೆಟ್ಟಿಲು ಹತ್ತಿ ಓಡಿದ. ಅವನ ಹಿಂದೆ ನಾನು, ನನ್ನ ಹಿಂದೆ ಏದುಸಿರು ಬಿಡುತ್ತ ಒಡತಿ.

ಆಳು ಭುಜ ಕೊಟ್ಟು ಬಾಗಿಲು ಒಡೆದ. ನರ್ಸಮ್ಮ ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ಎಡಗಣ್ಣು ಪೂರ್ತಿ ಮುಚ್ಚಿತ್ತು, ಮಣಿಕಟ್ಟು ಹೊರಳಬಾರದ ಕಡೆಗೆ ಹೊರಳಿತ್ತು. ಭಾವ ಅವಳ ಪಕ್ಕೆಗೆ ಒದೆಯುತ್ತಿದ್ದ. ಕೂಗಾಟವಿಲ್ಲ, ಬೈಗುಳವಿಲ್ಲ, ಒಂದೇ ಲಯದಲ್ಲಿ, ಕೆಲಸ ಮುಗಿಸುವವನ ಹಾಗೆ.

ಆಳು ಹಿಂದಿನಿಂದ ಹಿಡಿದು ಅವನನ್ನು ಗೋಡೆಗೆ ಅಪ್ಪಳಿಸಿದ. ಭಾವನ ಮೂಗು ಒಡೆಯಿತು. ಅಡುಗೆಯವನೊಬ್ಬ ಕಬ್ಬಿಣದ ಸಲಾಕೆ ಹಿಡಿದು ಬಂದ. ಅದು ಭಾವನ ಬೆನ್ನಿಗೆ ಎರಡು ಸಲ, ತೊಡೆಗೆ ಒಂದು ಸಲ ಬಿತ್ತು.

"ಬಾಮೈದಾ! ಹೇಳೋ ಇವ್ರಿಗೆ!" ಎಂದು ಭಾವ ಅರಚಿದ. "ದುಡ್ಡು ಕೊಟ್ಟಿದೀನಿ!"

ನಾನು ನರ್ಸಮ್ಮನ ಪಕ್ಕ ಕೂತು ಅವಳ ತಲೆ ಎತ್ತಿ ಹಿಡಿದಿದ್ದೆ. ಕುತ್ತಿಗೆಯ ಬಟ್ಟೆ ಜಾರಿತ್ತು. ಎಡಕಿವಿಯ ಕೆಳಗೆ, ದವಡೆ ತಿರುಗುವ ಜಾಗದಲ್ಲಿ, ಗೆಣ್ಣುಗಳ ಗುರುತು. ಹೊಸದು ಕೆಂಪಗಿತ್ತು, ಅದರಡಿ ಹತ್ತು ದಿನದ್ದು ಹಳದಿಗೆ ತಿರುಗಿತ್ತು, ಅದಕ್ಕೂ ಹಳೆಯದು ಕಂದಾಗಿ ಉಳಿದಿತ್ತು. ಆ ಜಾಗ ನನಗೆ ಚೆನ್ನಾಗಿ ಗೊತ್ತು. ಅಕ್ಕನ ದವಡೆಯಲ್ಲಿ ಅದೇ ಜಾಗವನ್ನು ಎಷ್ಟೋ ಸಲ ಊಟ ಮಾಡುತ್ತ ಕದ್ದು ನೋಡಿದ್ದೇನೆ.

ಹಬೆ ಹೊರಬೀಳುವ ಪೈಪಿನ ಬಾಯಿ ಮನುಷ್ಯರು ಓಡಾಡುವ ಕಡೆಗೆ ಇರಕೂಡದು. ನಮ್ಮ ವಿಭಾಗಕ್ಕೆ ಬರುವ ಹೊಸಬರಿಗೆ ಮೊದಲ ದಿನ ನಾನು ಕಲಿಸುವುದೇ ಇದನ್ನು. ಐದು ವರ್ಷ ಆ ಪೈಪಿನ ಬಾಯಿಗೆ ಯಾರು ನಿಂತಿದ್ದಾರೆ ಎಂದು ನಾನು ನೋಡಿರಲಿಲ್ಲ. ನೋಡಿರಲಿಲ್ಲ ಎನ್ನುವುದೂ ಸುಳ್ಳು. ಕುತ್ತಿಗೆಯ ಬಟ್ಟೆ ನೋಡಿದ್ದೆನಲ್ಲ.

ನರ್ಸಮ್ಮ ಒಂದೇ ಕಣ್ಣಲ್ಲಿ ನನ್ನ ಗುರುತು ಹಿಡಿದಳು. "ಗೊತ್ತಿದ್ದೇ ಕರ್ಕೊಂಡ್ ಬರ್ತಿದ್ರಿ, ಅಲ್ವಾ?" ಅಂದಳು. ಮಾತಿನ ಜೊತೆ ಹಲ್ಲಿನ ಚೂರೊಂದು ಹೊರಬಂತು.

"ಆಂಬುಲೆನ್ಸ್ ಕರೆಸಿ," ಅಂದೆ ಒಡತಿಗೆ. "ಪೊಲೀಸರನ್ನೂ."

"ಆಸ್ಪತ್ರೆಗೆ ನಾವೇ ಹಾಕ್ತೀವಿ. ಪೊಲೀಸ್ ಬಂದ್ರೆ ನನ್ನ ಲೈಸೆನ್ಸು ಹೋಗತ್ತೆ, ಇಷ್ಟೂ ಜನ ಬೀದಿಗೆ ಬೀಳ್ತಾರೆ. ಈ ಮೃಗಾನ ಎತ್ತಾಕ್ಕೊಂಡು ಹೋಗು. ಇನ್ನೊಂದ್ಸಲ ನಿಮ್ಮಿಬ್ರಲ್ಲಿ ಯಾರ ಮುಖ ಕಂಡ್ರೂ ಕಾಲು ಮುರಿಸ್ತೀನಿ."

ಆಳೂ ಅಡುಗೆಯವನೂ ಭಾವನನ್ನು ಮೆಟ್ಟಿಲ ಮೇಲೆ ದರದರ ಎಳೆದು ತಂದು ನನ್ನ ಕಾರಿನೊಳಗೆ ತುರುಕಿದರು.

ಸೇತುವೆಯ ಕಡೆ ಹೋಗುವಾಗ ಭಾವ ಅಂಗಿಯಿಂದ ಮೂಗು ಒತ್ತಿ ಹಿಡಿದಿದ್ದ. ಅಂಗಿ ಸರಿಸಿ ಕೇಳಿದ:

"ಹೊಡೀತಾ ಇದ್ರೆ ನೋಡ್ತಾ ಕೂತಿದ್ಯಲ್ಲಯ್ಯಾ ಇಂಜಿನಿಯರ್ರೇ?"

"ನರ್ಸಮ್ಮ ಏನ್ ಮಾಡಿದ್ರು ಭಾವ ನಿಮಗೆ?"

"ಕೈ ತೋರ್ಸು ಅಂದ್ಳು. ಹೋದಾಗೆಲ್ಲ ಅದೇ ತಮಾಷೆ. ಸಾಕಾಗಿತ್ತು." ಕಿಟಕಿಯಾಚೆ ರಕ್ತ ಉಗಿದ. "ಅಕ್ಕನೂ ಹಾಗೇ, ತಮ್ಮನೂ ಹಾಗೇ. ಕಣ್ಣಲ್ಲೇ ಅಳೀತೀರ ಮನುಷ್ಯನ್ನ. ಇವತ್ತು ಮನೆಗೆ ಹೋಗ್ತೀನಿ ಇರು, ನಿನ್ನಕ್ಕನಿಗೆ ಇದೆ."

ಲೆಕ್ಕದ ಪ್ರಕಾರ ಇವತ್ತಿನಿಂದ ಹನ್ನೊಂದು ದಿನ ಅಕ್ಕನಿಗೆ ಏನೂ ಆಗಬಾರದಾಗಿತ್ತು. ಆ ಲೆಕ್ಕ ಮುಗಿದುಹೋಗಿದೆ ಎಂದು ಆಗ ಅರ್ಥವಾಯಿತು. ಈ ಮನುಷ್ಯ ಇವತ್ತು ಮನೆ ಮುಟ್ಟಿದರೆ ಅಕ್ಕ ಉಳಿಯುವುದಿಲ್ಲ.

ಗೇಟಿನಲ್ಲಿ ನಾನು ಕಾರಿನಿಂದ ಇಳಿದು ಅಧಿಕಾರಿಯ ಕಿಟಕಿಗೆ ಹೋದೆ. ಹತ್ತು ದಿನಕ್ಕೊಮ್ಮೆ ನಮ್ಮ ಪಾಸಿಗೆ ಮುದ್ರೆ ಒತ್ತುವವರು, ಮುಖಪರಿಚಯವಿತ್ತು.

"ಸಾರ್, ಕಾರಲ್ಲಿರೋನು ಒಬ್ಬ ಹೆಂಗಸನ್ನ ಸಾಯೋ ಹಾಗೆ ಹೊಡೆದಿದ್ದಾನೆ. ಇವನನ್ನ ಇಲ್ಲೇ ಹಿಡ್ಕೊಳ್ಳಿ. ಕರ್ಕೊಂಡು ಹೋದವನು ನಾನು, ನನ್ನ ಮೇಲೂ ಬರ್ಕೊಳ್ಳಿ."

"ಯಾವ ಹೆಂಗಸು?"

ಮನೆಯ ವಿಳಾಸ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಓ, ಅಲ್ಲೀದಾ! ನಾನೆಲ್ಲೋ ಮರ್ಯಾದಸ್ಥರ ಮನೆ ಹೆಂಗಸು ಅಂದ್ಕೊಂಡೆ. ಕಂಪ್ಲೇಂಟ್ ಕೊಟ್ಟಿದ್ದಾಳಾ? ಇಲ್ಲ. ಮತ್ತೆ ನಿಮಗ್ಯಾಕ್ರೀ ಉರಿ? ಹಿಂದೆ ಎಷ್ಟು ಗಾಡಿ ನಿಂತಿದೆ ನೋಡಿ. ನಡೀರಿ, ಮುಖ ತೊಳ್ಕೊಂಡು ಮಲಗಿ ಇಬ್ರೂ." ಎರಡೂ ಪಾಸಿಗೆ ಟಪ್ ಟಪ್ ಎಂದು ಮುದ್ರೆ ಬಿತ್ತು.

ಕಿಟಕಿ ತೆರೆದಿತ್ತು. ಭಾವ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಸೇತುವೆ ದಾಟಿದೆವು. ಕಾರ್ಖಾನೆಯ ಹಿಂಭಾಗದ ಗೋಡೆ ಶುರುವಾಗುವಲ್ಲಿ, ಲಾರಿಗಳನ್ನು ತೂಗುವ ಕಟ್ಟೆಯ ಹತ್ತಿರ, ಅವನ ಕೈ ನನ್ನ ಕುತ್ತಿಗೆಗೆ ಬಂತು. ಕಾರಿನ ಮೂತಿ ಗೋಡೆಗೆ ತಗಲಿ ನಿಂತಿತು. ಅವನು ಒಂದು ಕೈಯಲ್ಲಿ ನನ್ನ ಗಂಟಲು ಒತ್ತಿ ಹಿಡಿದು ಇನ್ನೊಂದರಲ್ಲಿ ಗುದ್ದಿದ. ಎಡಕಿವಿಯ ಕೆಳಗೆ. ಕಣ್ಣು ಕತ್ತಲೆಯಾಗಿ, ಬಾಯಲ್ಲಿ ತಾಮ್ರದ ರುಚಿ ಬಂತು. ಮತ್ತೊಂದು ಗುದ್ದು, ಅದೇ ಜಾಗಕ್ಕೆ. ಎಷ್ಟು ನೋವಾಗುತ್ತದೆ ಎಂಬುದು ನನ್ನ ಪುಸ್ತಕದ ಯಾವ ಕಡೆಯಲ್ಲೂ ಇರಲಿಲ್ಲ.

ಸೀಟಿನ ಕೆಳಗೆ ಕೈಗೆ ಸಿಕ್ಕ ಸ್ಪ್ಯಾನರಿನಿಂದ ಅವನ ಮೊಣಕೈಗೆ ಹೊಡೆದೆ. ಹಿಡಿತ ಸಡಿಲವಾಯಿತು. ಬಾಗಿಲು ತೆರೆದು ಉರುಳಿದೆ; ಅವನು ಆ ಕಡೆಯಿಂದ ಇಳಿದು, ಸಲಾಕೆ ಬಿದ್ದ ಕಾಲು ಎಳೆಯುತ್ತ, ಕಾರು ಹಿಡಿದುಕೊಂಡು ಸುತ್ತಿ ಬಂದ. ನನ್ನ ಬಾಗಿಲು ತೆರೆದೇ ಇತ್ತು. ಆಸರೆಗೆಂದು ಬಲಗೈಯನ್ನು ಬಾಗಿಲ ಚೌಕಟ್ಟಿನ ಮೇಲೆ ಊರಿದ.

ಬಾಗಿಲು ಹಾಕಿದೆ.

ಅವನು ಕೂಗಿದ ಕೂಗು ನನಗೆ ಈಗಲೂ ಕೇಳಿಸುತ್ತದೆ. ಒಂದು ಸಲವಾಗಿದ್ದರೆ ಜೀವ ಉಳಿಸಿಕೊಳ್ಳಲು ಮಾಡಿದೆ ಎನ್ನಬಹುದಿತ್ತು. ಬಾಗಿಲು ತೆರೆದೆ, ಕೈ ಇನ್ನೂ ಅಲ್ಲೇ ಇತ್ತು, ಮತ್ತೆ ಹಾಕಿದೆ. ಇನ್ನೊಮ್ಮೆ ಹಾಕಿದೆ. ಮೂರನೆಯ ಸಲಕ್ಕೆ ಎಲುಬಿನ ಸದ್ದು ಬರಲಿಲ್ಲ. ನಾನೂ ಒಂದೇ ಲಯದಲ್ಲಿ, ಕೂಗಾಟವಿಲ್ಲದೆ ಮಾಡಿದೆ.

"ಸಾಯಿಸ್ಬೇಡ್ವೋ," ಎಂದು ನೆಲದಲ್ಲಿ ಕೂತು ಅಳುತ್ತಿದ್ದ. "ನಿನ್ನಕ್ಕನ ಮುಖ ನೋಡೋ..."

"ಅದನ್ನ ನೋಡ್ತಾನೇ ಇದ್ದೆ ಕಣೋ ಇಷ್ಟು ದಿನ," ಅಂದೆ. ತೂಕದ ಕಟ್ಟೆಯ ಕಾವಲುಗಾರ ಟಾರ್ಚು ಬಿಡುತ್ತ ಬರುತ್ತಿದ್ದ. ಇವನನ್ನು ಆಸ್ಪತ್ರೆಗೆ ಸೇರಿಸಿ ಎಂದು ಅವನಿಗೆ ಹೇಳಿ ಕಾರು ಹತ್ತಿದೆ.

ಅಕ್ಕ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಂಗಿ ತಯಾರಿಸುವ ಕಂಪನಿಗೆ ಕಾಲರ್ ಹೊಲಿದು ಕೊಡುವುದು ಅವಳ ಕೆಲಸ. ನನ್ನ ಕಿವಿಯ ಕೆಳಗೆ ಊದಿದ್ದನ್ನು ಕಂಡು ಎದ್ದಳು. ಏನಾಯ್ತು ಎಂದು ಕೇಳಲಿಲ್ಲ. "ಎಲ್ಲಿದ್ದಾರೆ?" ಅಂದಳು.

ಎಲ್ಲ ಹೇಳಿದೆ. ಮನೆ, ನರ್ಸಮ್ಮ, ಬಾಗಿಲು, ಪುಸ್ತಕದಲ್ಲಿ ಬರೆದ ತಾರೀಖುಗಳು, ಸರಾಸರಿ. ಹೇಳುತ್ತ ಹೇಳುತ್ತ ಅವಳಿಗೆ ಸಮಾಧಾನವಾಗಬಹುದು ಅಂದುಕೊಂಡಿದ್ದೆ.

"ನೀವಿಬ್ರೂ ಹೋಗಿ ಬಂದ ಮೇಲೆ ಒಂದಷ್ಟು ದಿನ ಚೆನ್ನಾಗಿರ್ತಿತ್ತು," ಅಂದಳು. "ದೇವರು ಕಣ್ಣು ಬಿಟ್ಟ ಅಂದ್ಕೊಳ್ತಿದ್ದೆ. ನನ್ನ ಏಟನ್ನ ಅವಳ ಮೈಮೇಲೆ ಹಾಕಿ ಬರ್ತಿದ್ಯಾ?"

"ನಿನಗೋಸ್ಕರ ಅಕ್ಕಾ."

"ಬಚ್ಚಲಲ್ಲಿ ಬಿದ್ದೆ ಅಂದಾಗ ನಂಬಿದ್ದೀಯ ಅಂದ್ಕೊಂಡಿದ್ದೆ ಕಣೋ. ತಮ್ಮ ಪೆದ್ದ, ಓದಿದ್ದೇ ಬಂತು, ಅಂದ್ಕೊಂಡು ಸುಮ್ಮನಿದ್ದೆ. ನೀನು ತಾರೀಖು ಬರೀತಾ ಕೂತಿದ್ದೆ." ಅವಳ ಧ್ವನಿ ಏರಲಿಲ್ಲ. "ಒಂದೇ ಒಂದು ದಿನ, ನಡಿ ಅಕ್ಕಾ ಹೋಗೋಣ ಅನ್ಲಿಲ್ವಲ್ಲೋ."

ಆ ಐದು ವರ್ಷದಲ್ಲಿ ನನಗೆ ಅದು ನಿಜಕ್ಕೂ ಹೊಳೆದಿರಲಿಲ್ಲ.

"ನಡಿ, ಹೋಗೋಣ," ಅಂದೆ. "ನನ್ನ ಮನೆಗೆ. ಅವನ ಬಲಗೈ ಇನ್ನು ಕೆಲಸಕ್ಕೆ ಬರಲ್ಲ."

"ಎಡಗೈ ಇದೆಯಲ್ಲ," ಅಂದಳು ಅಕ್ಕ.

ಒಳಗೆ ಹೋಗಿ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡಳು. ಹೊಲಿಗೆ ಯಂತ್ರದ ಮೇಲ್ಭಾಗವನ್ನು ತಿರುಪು ಬಿಚ್ಚಿ ಮೇಜಿನಿಂದ ಬೇರೆ ಮಾಡಿ, ಮಗುವನ್ನು ಎತ್ತಿಕೊಂಡಂತೆ ಕಂಕುಳಿಗೆ ಏರಿಸಿದಳು. ಹತ್ತು ಹನ್ನೆರಡು ಕಿಲೋ ಇರುತ್ತದೆ. ತೆಗೆದುಕೊಳ್ಳಲು ಹೋದೆ, ಕೈ ಕೊಡವಿದಳು.

"ನಿನ್ನ ಮನೆಗಲ್ಲ," ಅಂದಳು. "ಕಂಪನಿ ಹಾಸ್ಟೆಲಿನಲ್ಲಿ ಹೆಂಗಸರಿಗೆ ಕೋಣೆ ಕೊಡ್ತಾರೆ. ಮೂರು ವರ್ಷದಿಂದ ಬಾ ಅಂತ ಕರೀತಿದ್ದಾರೆ. ಶಾಂತವಾಗಿರೋ ದಿನ ಬಂದಾಗಲೆಲ್ಲ, ಇನ್ನು ಸರಿಹೋಗತ್ತೆ ಅಂತ ಬೇಡ ಅಂತಿದ್ದೆ."

ಕಾರಿನ ಬಾಗಿಲು ತೆರೆದು ನಿಂತೆ. ಅಕ್ಕ ಅದರ ಚೌಕಟ್ಟಿಗೆ ಅಂಟಿದ್ದ ರಕ್ತವನ್ನು ಒಂದು ಕ್ಷಣ ನೋಡಿ ರಸ್ತೆಗಿಳಿದಳು. ಹಾಸ್ಟೆಲಿಗೆ ಎರಡು ಕಿಲೋಮೀಟರ್. ಬೀದಿದೀಪಗಳು ಅರ್ಧಕ್ಕರ್ಧ ಕೆಟ್ಟಿದ್ದವು. ನಾನು ಮೊದಲ ಗೇರಿನಲ್ಲಿ ಹಿಂದೆ ಹಿಂದೆ ಹೋದೆ, ಅವಳ ಕಾಲ ಮುಂದೆ ಬೆಳಕು ಬೀಳುವಷ್ಟು ದೂರದಲ್ಲಿ. ಅವಳು ಎರಡು ಸಲ ನಿಂತು ಯಂತ್ರವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ಹಿಂತಿರುಗಿ ನೋಡಲಿಲ್ಲ. ಹಾಸ್ಟೆಲಿನ ಗೇಟು ತೆರೆದ ಹೆಂಗಸು ನನ್ನ ಕಡೆ ಬೆರಳು ತೋರಿಸಿ ಯಾರು ಎಂದು ಕೇಳಿದ್ದು ಕಂಡಿತು. ಅಕ್ಕ ಏನು ಹೇಳಿದಳೋ ಕೇಳಿಸಲಿಲ್ಲ. ಆ ಹೆಂಗಸು ಗೇಟಿಗೆ ಬೀಗ ಹಾಕಿ, ಎಳೆದು ನೋಡಿ, ನಾನು ಕಾರು ತಿರುಗಿಸುವವರೆಗೂ ಅಲ್ಲೇ ನಿಂತಿದ್ದಳು.