ನಾಲ್ಕನೇ ಪಾಠದಲ್ಲಿ ನಿಂತ ಹುಡುಗಿ

ಫೋನಿಗೆ ಪಾಠ ಮಾಡುವುದಿದೆಯಲ್ಲ, ಅಂಥ ದರಿದ್ರ ಕೆಲಸ ಇನ್ನೊಂದಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳ ಮುಖ ನೋಡಿಕೊಂಡು ಗಣಿತ ಹೇಳಿಕೊಟ್ಟವಳು ನಾನು. ಈ ಏಪ್ರಿಲ್‌ನಲ್ಲಿ, ಕುವೆಂಪುನಗರದ ನಮ್ಮ ಸ್ಕೂಲಿನ ಖಾಲಿ ಲ್ಯಾಬಿನಲ್ಲಿ, ಸದ್ದಾಗುತ್ತದೆಂದು ಫ್ಯಾನನ್ನೂ ಆರಿಸಿಕೊಂಡು, ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನಿಗೆ ಇಪ್ಪತ್ತು ಪಾಠ ಮಾಡಿದೆ. ಒಂದೇ ವಾರದಲ್ಲಿ ಮುಗಿಸಿ ಅಂದರು, ಮುಗಿಸಿದೆ. ಸೊಂಟ ಬಿದ್ದುಹೋಯಿತು.

ಒಂಬತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾದ ಮೂವತ್ತೆಂಟು ಮಕ್ಕಳಿಗಾಗಿ ಈ ಆನ್‌ಲೈನ್ ಕೋರ್ಸು. ಮೂರು ವಾರದಲ್ಲಿ ಶೇಕಡಾ ಎಂಬತ್ತರಷ್ಟು ಪಾಠ ಮುಗಿಸಿದವರು ಹತ್ತನೇ ಕ್ಲಾಸಿಗೆ. ಮುಗಿಸದವರ ಕೈಗೆ ಟಿ.ಸಿ. ಹತ್ತನೇ ಕ್ಲಾಸಿನ ರಿಸಲ್ಟ್ ನೂರಕ್ಕೆ ನೂರು ಬರಬೇಕೆಂದು ದಡ್ಡರನ್ನು ಒಂಬತ್ತರಲ್ಲೇ ಸೋಸಿ ಕಳಿಸುವ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇದೆ. ಅದಕ್ಕೆ ತಲೆಯಾಡಿಸಿಕೊಂಡೇ ನಾನೂ ಇಷ್ಟು ವರ್ಷ ತಳ್ಳಿದ್ದೇನೆ.

ಕೋರ್ಸು ಹೇಗಿರಬೇಕೆಂದು ಕೂತು ಯೋಚಿಸಿದವಳೂ ನಾನೇ. ವಿಡಿಯೋ ಮುಂದಕ್ಕೆ ಓಡಿಸುವಂತಿಲ್ಲ. ಒಂದು ಪಾಠ ಮುಗಿಯದೆ ಇನ್ನೊಂದು ತೆರೆಯುವುದಿಲ್ಲ. ಪ್ರತಿ ಪಾಠದ ನಡುವೆ ಬೋರ್ಡಿನ ಮೇಲೆ ಒಂದು ಲೆಕ್ಕ, ಅದರ ಪಕ್ಕದಲ್ಲಿ ಉತ್ತರ ಬರೆದು, "ಈಗ ವಿಡಿಯೋ ನಿಲ್ಲಿಸಿ ನೀವೇ ಮಾಡಿ, ಈ ಉತ್ತರ ಬರುವವರೆಗೂ ಮುಂದಕ್ಕೆ ಹೋಗಬೇಡಿ" ಎಂದು ಹೇಳಿದ್ದೆ. ಮಕ್ಕಳು ಪ್ರಶ್ನೆ ಕೇಳಲು ಒಂದು ಜಾಗವೂ ಇತ್ತು. ಮೊದಲ ದಿನವೇ ಅದರ ತುಂಬ ಹಲ್ಲು ಕಿರಿಯುವ ಮುಖ, ಕುಣಿಯುವ ಕೋತಿ ಕಳಿಸಿದರು ನೋಡಿ, ಮೈಯೆಲ್ಲ ಉರಿದುಹೋಯಿತು. ಅದನ್ನು ಮುಚ್ಚಿಸಿಬಿಟ್ಟೆ.

ಮೂರು ವಾರ ಕಳೆದು ರಿಪೋರ್ಟ್ ಬಂತು. ಮೂವತ್ತೇಳು ಮಕ್ಕಳದ್ದು ನೂರಕ್ಕೆ ನೂರು. ಸಿಂಚನ ಎಂಬ ಹುಡುಗಿಯದು ಹದಿನೈದು.

"ಎಷ್ಟ್ ಚೆನ್ನಾಗಿ ಮಾಡಿದ್ದೀರಾ ವಾಣಿ ಮೇಡಂ! ಈ ಸಲ ಒಂದೇ ಒಂದು ಟಿ.ಸಿ. ಕಣ್ರೀ," ಎಂದು ನಮ್ಮ ಸ್ಕೂಲಿನ ಕಾರ್ಯದರ್ಶಿ ನಂಜುಂಡಸ್ವಾಮಿಯವರು ಹಿಗ್ಗಿದರು. ಆ ಒಂದನ್ನು ಬರೆಸಿಯೂ ಆಗಿತ್ತು. ಮನೆಯವರು ಫೋನ್ ಎತ್ತುತ್ತಿಲ್ಲ, ನೀವೇ ಹೋಗಿ ಒಂದು ಮಾತು ಹೇಳಿಬನ್ನಿ ಎಂದರು. ಇಂಥದ್ದಕ್ಕೆಲ್ಲ ನಾನೇ ಆಗಬೇಕು. ಸ್ಕೂಟರ್ ತೆಗೆದೆ.

ಲಷ್ಕರ್ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಯ ಮಹಡಿಯ ಮೇಲೆ ಅವರ ಮನೆ. ಸಿಂಚನಳ ಅಜ್ಜಿ ಕೆಂಚಮ್ಮ ಬಾಗಿಲು ತೆಗೆದರು.

"ಅಯ್ಯೋ, ಮೇಡಮ್ನೋರೇ ಬಂದ್ಬುಟ್ರಲ್ಲಾ! ಬನ್ನಿ, ಬನ್ನಿ."

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ನಾನು ಸಿಟ್ಟಿನಲ್ಲೇ ಕೇಳಿದೆ. "ಏನಮ್ಮ, ರಜಾ ಅಂತ ಕುಣೀತಾ ಇದ್ದಾಳಾ ನಿಮ್ಮ ಮೊಮ್ಮಗಳು?"

"ಎಲ್ ಬಂತು ಕುಣಿಯೋದು! ಫೋನು ಹಿಡ್ಕಂಡ್ರೆ ಊಟಕ್ಕೂ ಏಳಾಕಿಲ್ಲ ಕಣವ್ವ. ಬರೆಯೋದು, ಅಳೋದು, ತಿರ್ಗಾ ಬರೆಯೋದು. ನೀವೇ ಎಂಗಾದ್ರೂ ಮಾಡಿ ಬುಡಿಸಿ."

ಸಿಂಚನ ಒಳಗಿನಿಂದ ನೋಟ್‌ಬುಕ್ ತಂದು ನನ್ನ ಮುಂದೆ ಹಿಡಿದಳು. ಕಣ್ಣು ಊದಿಕೊಂಡಿತ್ತು. ನಾಲ್ಕನೇ ಪಾಠದ ಲೆಕ್ಕ: 3(x − 4) = 2x + 5. ಪುಟ ತಿರುವಿದರೆ ಅದೇ ಲೆಕ್ಕ. ಇನ್ನೊಂದು ಪುಟ ತಿರುವಿದರೂ ಅದೇ. ಎಲ್ಲ ಕಡೆಯೂ ಉತ್ತರ ಹದಿನೇಳು, ಎಲ್ಲ ಹದಿನೇಳರ ಮೇಲೂ ಕಾಟು.

"ನೀವು ಒಂಬತ್ತು ಬರ್ಬೇಕು ಅಂದಿದ್ರಿ ಮಿಸ್. ನಂಗೆ ಹದಿನೇಳೇ ಬರ್ತಿದೆ. ಎಲ್ಲಿ ತಪ್ತಿದೀನಿ ಅಂತ್ಲೇ ಗೊತ್ತಾಗ್ತಿಲ್ಲ. ಹದಿನೆಂಟು ದಿನ ಆಯ್ತು."

ಪೆನ್ಸಿಲ್ ಇಸಿದುಕೊಂಡು ನಾನು ಮಾಡಿದೆ. ಹದಿನೇಳು. ಇನ್ನೊಮ್ಮೆ ಮಾಡಿದೆ. ಹದಿನೇಳೇ. ಅದನ್ನು ರೆಕಾರ್ಡ್ ಮಾಡಿದ ದಿನ ಬೆಳಗಿನಿಂದ ಅದು ನಾಲ್ಕನೇ ಪಾಠ, ಹೊಟ್ಟೆ ಹಸಿದಿತ್ತು, ಬೆವರು ಇಳಿಯುತ್ತಿತ್ತು. ಆವರಣದೊಳಗಿನ ನಾಲ್ಕನ್ನೂ ಮೂರರಿಂದ ಗುಣಿಸಬೇಕಿತ್ತು. ಮನಸ್ಸಿನಲ್ಲೇ ಲೆಕ್ಕ ಹಾಕಿ, ಗುಣಿಸುವುದನ್ನು ಮರೆತು, ಒಂಬತ್ತು ಎಂದು ಬರೆದುಬಿಟ್ಟಿದ್ದೆ.

"ಯಾರನ್ನಾದರೂ ಕೇಳಬಾರದಿತ್ತೇನೇ?"

"ನಮ್ ಕ್ಲಾಸಿನ ತೇಜಸ್ವಿನಿನ ಕೇಳ್ದೆ ಮಿಸ್. ಅವ್ಳು ವಿಡಿಯೋ ಹಾಕಿ ಫೋನ್ ಕವುಚಿಟ್ಟು ಟಿವಿ ನೋಡ್ತಾಳಂತೆ. ಎಲ್ರೂ ಹಂಗೇ ಮಾಡಿ ಮುಗ್ಸಿದ್ರಂತೆ. ನಾನು ಹಂಗ್ ಮಾಡ್ಲಿಲ್ಲ. ಉತ್ತರ ಬರೋವರ್ಗೂ ಮುಂದಕ್ಕೆ ಹೋಗ್ಬೇಡಿ ಅಂದಿದ್ರಲ್ಲ ನೀವು."

"ಮಿಸ್‌ದೇ ತಪ್ಪಿರಬಹುದು ಅಂತ ಒಂದು ಸಲವೂ ಅನ್ನಿಸಲಿಲ್ವಾ?"

ಅವಳು ನನ್ನ ಮುಖವನ್ನೇ ನೋಡಿದಳು. "ನೀವು ತಪ್ಪು ಮಾಡ್ತೀರಾ ಮಿಸ್?"

ನಾಚಿಕೆಯಿಂದ ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಇಡೀ ಕೋರ್ಸಿನಲ್ಲಿ ನಾನು ಹೇಳಿದ್ದನ್ನು ಕೇಳಿದವಳು ಇವಳೊಬ್ಬಳೇ, ಟಿ.ಸಿ. ಬರೆದಿಟ್ಟಿದ್ದೂ ಇವಳೊಬ್ಬಳಿಗೇ.

"ನಿಂದು ಸರಿ ಕಣೇ. ಎಲ್ಲ ಪುಟದಲ್ಲೂ ಸರಿ. ತಪ್ಪಿದ್ದು ನಾನು."

ಸಿಂಚನ ನಂಬಲಿಲ್ಲ; ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲಿಂದ ನೋಡತೊಡಗಿದಳು. "ಅಂಗಾರೆ ಇವತ್ತು ಉಣ್ತಾಳೆ ಅನ್ನಿ," ಎಂದು ಕೆಂಚಮ್ಮ ತಟ್ಟೆ ತರಲು ಎದ್ದರು.

ಮಾರನೆಯ ದಿನ ಬೆಳಿಗ್ಗೆ ಆಫೀಸಿನಲ್ಲಿ ನಂಜುಂಡಸ್ವಾಮಿಯವರಿಗೆ ಎಲ್ಲ ಹೇಳಿದೆ.

"ಅದು ಹೆಂಗ್ ಮೇಡಂ? ಮೂವತ್ತೇಳು ಮಕ್ಕಳು ಮುಗಿಸಿದ್ದಾರೆ. ಒಬ್ಬರಿಗೂ ತಪ್ಪು ಕಾಣಲಿಲ್ವಾ?"

"ನೋಡಿದ್ದರೆ ತಾನೇ ಸರ್ ಕಾಣೋದು?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ವಿಡಿಯೋನ ಸದ್ದಿಲ್ಲದೆ ಸರಿಮಾಡ್ಬಿಡಿ. ಟಿ.ಸಿ. ವಿಷಯ ಬೇಡ. ಅದಕ್ಕೆ ನಂಬರ್ ಬಿದ್ದೋಗಿದೆ. ರದ್ದು ಮಾಡಬೇಕು ಅಂದ್ರೆ ರಿಜಿಸ್ಟರಲ್ಲಿ ಕಾರಣ ಬರೀಬೇಕು. ಏನಂತ ಬರೀಲಿ ನಾನು?"

ವಾದ ಮಾಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ರಿಜಿಸ್ಟರನ್ನು ನನ್ನ ಕಡೆ ಎಳೆದುಕೊಂಡು, ಸಿಂಚನಳ ಹೆಸರಿನ ಮುಂದೆ, ಷರಾ ಕಾಲಂನಲ್ಲಿ ನಾನೇ ಬರೆದೆ: "ಗಣಿತ ಶಿಕ್ಷಕಿಯ ಉತ್ತರ ತಪ್ಪು. ವಿದ್ಯಾರ್ಥಿನಿಯ ಉತ್ತರ ಸರಿ. ಆದ್ದರಿಂದ ರದ್ದು." ಕೆಳಗೆ ಸಹಿ ಹಾಕಿ ತಾರೀಕು ಬರೆದೆ.

ಇಂಕಿನಲ್ಲಿ ಬರೆದದ್ದನ್ನು ಅಲ್ಲಿ ಅಳಿಸುವಂತಿಲ್ಲ ಎಂದು ಅವರಿಗೂ ಗೊತ್ತು. ಎರಡು ಸಲ ಓದಿದರು. ಆಮೇಲೆ ಟಿ.ಸಿ. ಮೇಲೆ ಅಡ್ಡಗೆರೆ ಎಳೆದು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು.

"ಇನ್ಸ್‌ಪೆಕ್ಷನ್‌ಗೆ ಬಂದೋರು ಇದನ್ನ ನೋಡ್ತಾರೆ ಕಣ್ರೀ ಮೇಡಂ!"

"ನೋಡಲಿ ಸರ್," ಅಂದೆ. "ಅವರಾದರೂ ಪೂರ್ತಿ ನೋಡಲಿ."